ಕೆಂಪು ಪೆನ್ನು ನಿಲ್ಲದ ಜಾಗ

ಕಳೆದ ತಿಂಗಳು ಇದೇ ಅಂಕಣದಲ್ಲಿ, ಸುದ್ದಿಯ ಶೀರ್ಷಿಕೆಗಳು ಒಂದು ಬದಿಗೆ ಹೇಗೆ ವಾಲುತ್ತವೆ ಎಂಬುದನ್ನು ಐದು ಉದಾಹರಣೆ ಕೊಟ್ಟು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಮಾಧ್ಯಮಗಳನ್ನು ಬೈದಿವೆ, ಕಾಲು ಭಾಗ ನನ್ನನ್ನು ಬೈದಿವೆ. ಉಳಿದ ಕಾಲು ಭಾಗದಲ್ಲಿ ಪ್ರಶ್ನೆಗಳಿದ್ದವು. ಇಪ್ಪತ್ತೊಂಬತ್ತು ವರ್ಷ ದಿನಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಕಂಡವರ ವಾಕ್ಯಗಳನ್ನೆಲ್ಲ ಕೆಂಪು ಪೆನ್ನಿನಿಂದ ತಿದ್ದಿದವಳು ನಾನು, ಮನಶ್ಶಾಸ್ತ್ರ ಓದಿದವಳಲ್ಲ. ಹಾಗಾಗಿ ವಾಕ್ಯದಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಸುತ್ತಿ ಬಳಸದೆ ಹೇಳಿ ಮೇಡಂ. ಪಕ್ಷಪಾತವಿಲ್ಲದ ಪತ್ರಿಕೆ ಯಾವುದು, ವಾಹಿನಿ ಯಾವುದು? ಹೆಸರು ಹೇಳಿದರೆ ಅದನ್ನಷ್ಟೇ ಓದುತ್ತೇನೆ, ಅದನ್ನಷ್ಟೇ ನೋಡುತ್ತೇನೆ.
— ಬ್ಯಾಂಕ್ ಉದ್ಯೋಗಿ

ಉತ್ತರ: ಹೇಳುವುದಿಲ್ಲ. ಹೇಳಿದ ಮರುದಿನದಿಂದ ನೀವು ಅದನ್ನು ಕಣ್ಣು ಮುಚ್ಚಿಕೊಂಡು ಓದುತ್ತೀರಿ.

ರಾತ್ರಿ ಪಾಳಿಯಲ್ಲಿ ನನ್ನ ಮೇಜಿಗೆ ಇನ್ನೂರಕ್ಕೂ ಹೆಚ್ಚು ಸುದ್ದಿಗಳು ಬರುತ್ತಿದ್ದವು. ಮುಖಪುಟದಲ್ಲಿ ಹಿಡಿಸುವುದು ಏಳೋ ಎಂಟೋ. ಕೆಲವು ಒಳಪುಟಕ್ಕೆ, ಕೆಲವು ಒಂದು ಕಾಲಂನ ಮೂಲೆಗೆ, ಹೆಚ್ಚಿನವು ಕಸದ ಬುಟ್ಟಿಗೆ. ಒಂದಕ್ಷರವೂ ಸುಳ್ಳು ಬರೆಯದೆ, ಈ ಆಯ್ಕೆಯೊಂದರಿಂದಲೇ ಓದುಗರ ತಲೆಯಲ್ಲಿ ಬೇಕಾದ ಲೋಕವನ್ನು ಕಟ್ಟಬಹುದು. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಮ್ಯಾಕ್ಸ್‌ವೆಲ್ ಮೆಕ್‌ಕೂಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಸಂಶೋಧಕರು ಚಾಪೆಲ್ ಹಿಲ್ ಪಟ್ಟಣದಲ್ಲಿ, ಯಾರಿಗೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿದರು. ದೇಶದ ಮುಖ್ಯ ಸಮಸ್ಯೆಗಳು ಯಾವುವು ಎಂಬುದು ಪ್ರಶ್ನೆ. ಮತದಾರರು ಯಾವುದನ್ನು ಮೊದಲು, ಯಾವುದನ್ನು ನಂತರ ಹೇಳಿದರೋ ಬಹುತೇಕ ಅದೇ ಕ್ರಮದಲ್ಲಿ ಆ ದಿನಗಳ ಸುದ್ದಿಗಳೂ ಆ ವಿಷಯಗಳಿಗೆ ಜಾಗ ಕೊಟ್ಟಿದ್ದವು. ಜನರಿಗೆ ಮುಖ್ಯವಾದದ್ದನ್ನು ಪತ್ರಿಕೆ ಬರೆಯಿತೋ, ಪತ್ರಿಕೆ ಬರೆದದ್ದು ಜನರಿಗೆ ಮುಖ್ಯವಾಯಿತೋ ಎಂಬ ವಾದ ಆಮೇಲೆ ಬಹಳ ಕಾಲ ನಡೆಯಿತು. ಪುಟ ಕಟ್ಟಿದ ನನಗೆ ಎರಡನೆಯದೇ ಹೆಚ್ಚು ನಿಜವೆನ್ನಿಸುತ್ತದೆ.

ಬುಟ್ಟಿಗೆ ಬಿದ್ದ ಸುದ್ದಿ ನಿಮಗೆ ಕಾಣುವುದಿಲ್ಲ. ಕ್ರಿಯಾಪದ ಕಾಣುತ್ತದೆ, ಅದನ್ನು ಹಿಡಿಯಿರಿ. ಮಂತ್ರಿಯೊಬ್ಬರು ‘ಯೋಜನೆ ತಡವಾಗಿದೆ’ ಎಂಬ ಎರಡು ಪದ ಆಡಿದರು ಎನ್ನಿ. ‘ಹೇಳಿದರು’ ಎಂದು ಬರೆದರೆ ಅಷ್ಟೇ. ‘ಒಪ್ಪಿಕೊಂಡರು’ ಎಂದರೆ ಅಲ್ಲಿಯವರೆಗೆ ಮುಚ್ಚಿಟ್ಟಿದ್ದರು ಎಂದಾಯಿತು. ‘ಸ್ಪಷ್ಟಪಡಿಸಿದರು’ ಎಂದರೆ ಗೊಂದಲ ಬೇರೆ ಯಾರದೋ, ಮಂತ್ರಿಗಳು ಬಂದು ಅದನ್ನು ನಿವಾರಿಸಿದರು. ‘ಸಮಜಾಯಿಷಿ ನೀಡಿದರು’ ಎಂದರೆ ಸಿಕ್ಕಿಬಿದ್ದಿದ್ದಾರೆ. ‘ಅಲವತ್ತುಕೊಂಡರು’ ಎಂದರೆ ಕೈಲಾಗದವರು. ಮಂತ್ರಿ ಆಡಿದ್ದು ಮಾತ್ರ ಅವೇ ಎರಡು ಪದ. ವಿರೋಧ ಪಕ್ಷದವರಿಗೂ ಇದೇ ಉಪಚಾರ: ಬೇಕಾದವರು ‘ಎಚ್ಚರಿಸುತ್ತಾರೆ’, ಬೇಡದವರು ‘ಬೆದರಿಕೆ ಹಾಕುತ್ತಾರೆ’. ಒಬ್ಬರು ಹಗರಣವನ್ನು ‘ಬಯಲಿಗೆಳೆದರೆ’ ಇನ್ನೊಬ್ಬರು ಬರೀ ‘ಆರೋಪಿಸುತ್ತಾರೆ’, ಮೂರನೆಯವರು ‘ಕಿಡಿಕಾರುತ್ತಾರೆ’.

ಸಂಖ್ಯೆಯ ಹಿಂದೆಯೂ ಒಂದು ಪುಟ್ಟ ಪದ ಅಂಟಿಕೊಂಡಿರುತ್ತದೆ. ‘ಕೇವಲ 40 ಮಂದಿ’, ‘ಬರೋಬ್ಬರಿ 40 ಮಂದಿ’. ಎರಡು ಕಡೆಯೂ ನಲವತ್ತೇ ಜನ. ಇನ್ನು ನಮ್ಮ ಭಾಷೆ ಕೊಟ್ಟಿರುವ ದೊಡ್ಡ ಸೌಕರ್ಯವೆಂದರೆ ಕರ್ತೃವನ್ನು ಮಾಯ ಮಾಡುವುದು. ‘ಕಲ್ಲು ತೂರಾಟ ನಡೆಯಿತು.’ ಕಲ್ಲು ತಾನೇ ಎದ್ದು ಹಾರಿತೇ? ನಮಗೆ ಬೇಕಾದವರು ಎಸೆದಿದ್ದರೆ ‘ನಡೆಯಿತು’, ಬೇಡದವರು ಎಸೆದಿದ್ದರೆ ‘ಎಸೆದರು’. ‘ಎನ್ನಲಾಗಿದೆ’ ಎಂಬುದಂತೂ ಕೇಳಲೇಬೇಡಿ. ಎಂದವರು ಯಾರು ಎಂದು ನಾನು ಎಷ್ಟೋ ರಾತ್ರಿ ಬೆನ್ನು ಹತ್ತಿ ಹೋಗಿದ್ದೇನೆ. ಹೆಚ್ಚಿನ ಸಲ ಸಿಕ್ಕವರು ಎದುರು ಮೇಜಿನಲ್ಲಿ ಕುಳಿತಿದ್ದ ವರದಿಗಾರರೇ.

ಒಂದು ವಾರ ಹೀಗೆ ಮಾಡಿ ನೋಡಿ: ಓದುವ ಪ್ರತಿ ರಾಜಕೀಯ ಸುದ್ದಿಯಲ್ಲೂ ಅಂಥ ಕ್ರಿಯಾಪದಗಳನ್ನೆಲ್ಲ ತೆಗೆದು ‘ಹೇಳಿದರು’ ಎಂದು ಹಾಕಿಕೊಂಡು ಓದಿ. ಸುದ್ದಿ ಸಪ್ಪೆಯಾಗುತ್ತದೆ. ಹೋದ ರುಚಿ ಎಷ್ಟಿತ್ತೋ ಅಷ್ಟು ಡೆಸ್ಕಿನವರು ಬೆರೆಸಿದ್ದು.

ಪ್ರಶ್ನೆ: ನಾನೂ ನನ್ನ ಭಾವನೂ ಒಂದೇ ಕೋಣೆಯಲ್ಲಿ ಕುಳಿತು ಒಂದೇ ಚುನಾವಣಾ ಚರ್ಚೆ ನೋಡಿದೆವು. ನಿರೂಪಕಿ ನಮ್ಮ ಪಕ್ಷದವರನ್ನು ಮಾತನಾಡಲು ಬಿಡಲಿಲ್ಲ ಎಂದು ನಾನು, ಅವರ ಪಕ್ಷದವರನ್ನು ಬಿಡಲಿಲ್ಲ ಎಂದು ಭಾವ. ಒಬ್ಬರಾದರೂ ಸುಳ್ಳು ಹೇಳುತ್ತಿರಬೇಕಲ್ಲವೇ?
— ಗೃಹಿಣಿ

ಉತ್ತರ: ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದೀರಿ. ತೊಂದರೆ ಇರುವುದೇ ಅಲ್ಲಿ.

1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜು ತಂಡಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಒರಟು ಆಟ, ಮೂಳೆ ಮುರಿಯಿತು, ಮೂಗು ಒಡೆಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಪಂದ್ಯದ ಚಿತ್ರೀಕರಣವನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಡಾರ್ಟ್‌ಮತ್ ತಂಡ ಎಷ್ಟು ಸಲ ನಿಯಮ ಮುರಿಯಿತು ಎಂದು ಎಣಿಸಲು ಹೇಳಿದರು. ಡಾರ್ಟ್‌ಮತ್‌ನವರ ಲೆಕ್ಕ ಸರಾಸರಿ ನಾಲ್ಕು ಚಿಲ್ಲರೆ. ಪ್ರಿನ್ಸ್‌ಟನ್‌ನವರ ಲೆಕ್ಕ ಹತ್ತರ ಹತ್ತಿರ. ರೀಲು ಒಂದೇ ಆಗಿತ್ತು.

ನಿಮ್ಮ ಕೋಣೆಯಲ್ಲಿ ಆದದ್ದಕ್ಕೆ ಇನ್ನೂ ಹತ್ತಿರದ್ದು 1985ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ. 1982ರಲ್ಲಿ ಲೆಬನಾನ್‌ನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡದ ಟಿವಿ ಸುದ್ದಿ ತುಣುಕುಗಳನ್ನು ಇಸ್ರೇಲ್ ಪರ ಮತ್ತು ಅರಬರ ಪರ ವಿದ್ಯಾರ್ಥಿಗಳಿಗೆ ತೋರಿಸಿದರು. ಎರಡೂ ಕಡೆಯವರು ಅವೇ ತುಣುಕುಗಳು ತಮ್ಮ ವಿರುದ್ಧ ಇವೆ ಎಂದರು. ತಟಸ್ಥರು ಇದನ್ನು ನೋಡಿದರೆ ನಮ್ಮ ವಿರುದ್ಧ ತಿರುಗಿಬೀಳುತ್ತಾರೆ ಎಂದೂ ಎರಡೂ ಕಡೆಯವರು ಹೆದರಿದರು. ತಮ್ಮ ಪರವಾಗಿ ಬಂದ ಮಾತು ಸಹಜವೆನ್ನಿಸಿ ಗಮನಕ್ಕೇ ಬರುವುದಿಲ್ಲ. ವಿರುದ್ಧ ಬಂದದ್ದು ಮುಳ್ಳಿನಂತೆ ಚುಚ್ಚಿ ನೆನಪಿನಲ್ಲಿ ಉಳಿಯುತ್ತದೆ. ಕೊನೆಗೆ ಲೆಕ್ಕಕ್ಕೆ ಸಿಗುವುದು ಮುಳ್ಳುಗಳು ಮಾತ್ರ.

ಇದನ್ನು ಕೇಳಿ ಪತ್ರಕರ್ತರು ಬೀಗಬೇಕಾಗಿಲ್ಲ. ‘ಎರಡೂ ಕಡೆಯವರು ಬೈಯುತ್ತಿದ್ದಾರೆ, ಅಂದರೆ ನಾವು ಸರಿಯಾಗಿದ್ದೇವೆ’ ಎಂಬ ಮಾತನ್ನು ಡೆಸ್ಕಿನಲ್ಲಿ ನೂರು ಸಲ ಕೇಳಿದ್ದೇನೆ, ಹತ್ತು ಸಲ ನಾನೇ ಹೇಳಿದ್ದೇನೆ. ಎರಡೂ ಕಡೆಯವರು ಬೈಯುವ ಸುದ್ದಿ ಶುದ್ಧ ಕಳಪೆಯೂ ಆಗಿರಬಹುದು. ಮುಂದಿನ ಚರ್ಚೆಯ ದಿನ ನೀವೂ ಭಾವನೂ ಗಡಿಯಾರ ಹಿಡಿದು ಯಾರಿಗೆ ಎಷ್ಟು ನಿಮಿಷ ಸಿಕ್ಕಿತು ಎಂದು ಬರೆದುಕೊಳ್ಳಿ. ನೀವು ಅವರ ಪಕ್ಷದ್ದು, ಅವರು ನಿಮ್ಮ ಪಕ್ಷದ್ದು.

ಪ್ರಶ್ನೆ: ಪತ್ರಿಕೋದ್ಯಮ ಓದುತ್ತಿದ್ದೇನೆ. ವರದಿಗಾರ ಪ್ರಾಮಾಣಿಕನಾಗಿದ್ದು ಸುಳ್ಳು ಬರೆಯದಿದ್ದರೆ ಪಕ್ಷಪಾತ ಎಲ್ಲಿಂದ ನುಸುಳುತ್ತದೆ?
— ವಿದ್ಯಾರ್ಥಿನಿ

ಉತ್ತರ: ಆಸೆಯಿಂದ. 1920ರಲ್ಲಿ ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ಎಂಬಿಬ್ಬರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ರಷ್ಯಾದ ಕ್ರಾಂತಿಯನ್ನು ವರದಿ ಮಾಡಿದ ಬಗೆಯನ್ನು ಕಡತ ಬಿಚ್ಚಿ ಕುಳಿತು ಪರಿಶೀಲಿಸಿದರು. 1917ರ ನವೆಂಬರ್‌ನಿಂದ ಎರಡು ವರ್ಷಗಳಲ್ಲಿ, ಬೊಲ್ಶೆವಿಕ್ ಸರ್ಕಾರ ಇನ್ನೇನು ಬೀಳಲಿದೆ ಅಥವಾ ಬಿದ್ದೇಹೋಯಿತು ಎಂಬ ಅರ್ಥದ ಸುದ್ದಿ ಆ ಪತ್ರಿಕೆಯಲ್ಲಿ 91 ಸಲ ಬಂದಿತ್ತು. ತೊಂಬತ್ತೊಂದು ಸಲ! ಸರ್ಕಾರ ಬೀಳಲಿಲ್ಲ. ಯಾರೋ ಪಿತೂರಿ ಮಾಡಿ ಬರೆಸಿದರು ಎಂದು ಅವರು ತೀರ್ಮಾನಿಸಲಿಲ್ಲ. ಪತ್ರಿಕೆಯವರು ಇದ್ದದ್ದನ್ನು ನೋಡಲಿಲ್ಲ, ನೋಡಬೇಕೆಂದು ಬಯಸಿದ್ದನ್ನು ನೋಡಿದರು ಎಂದರು.

ನೀವು ಕೇಳಿಕೊಳ್ಳಬೇಕಾದದ್ದು ಇದು: ಐದನೆಯ ಸಲವೋ ಹತ್ತನೆಯ ಸಲವೋ ಆ ಸುದ್ದಿ ಮೇಜಿಗೆ ಬಂದಾಗ ಡೆಸ್ಕಿನಲ್ಲಿ ಕುಳಿತವರು ‘ಹೋದ ತಿಂಗಳೇ ಬಿತ್ತಲ್ಲ, ಮತ್ತೆ ಹೇಗೆ ಬಿದ್ದಿತು?’ ಎಂದು ಯಾಕೆ ಕೇಳಲಿಲ್ಲ? ಬೇಡದ ಸುದ್ದಿಯಾಗಿದ್ದರೆ ಮೊದಲ ಸಲವೇ ಕೇಳುತ್ತಿದ್ದರು.

ಪ್ರಶ್ನೆ: ನನಗೆ ಪಕ್ಷವಿಲ್ಲ. ವಿಷಯ ನೋಡಿ ಅಭಿಪ್ರಾಯಕ್ಕೆ ಬರುತ್ತೇನೆ. ಆದರೂ ಮಕ್ಕಳು ‘ಅಮ್ಮ, ನೀನು ಯಾವಾಗಲೂ ಅವರ ಪರ’ ಎಂದು ಛೇಡಿಸುತ್ತಾರೆ. ನಿಷ್ಪಕ್ಷಪಾತಿಗಳು ಇರುವುದೇ ಇಲ್ಲವೇ?
— ನಿವೃತ್ತ ಸರ್ಕಾರಿ ನೌಕರೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಅದನ್ನು ನಾನೇ ಬರೆದಂತಿತ್ತು.

ನಿವೃತ್ತಿಯಾದ ವರ್ಷ ಮನೆಯ ಅಟ್ಟದಿಂದ ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿದೆ. ಹೊಸಬರಿಗೆ ಕಲಿಸಲು ಬೇಕಾಗಬಹುದೆಂದು ನಾನು ತಿದ್ದಿದ ಪ್ರತಿಗಳನ್ನು ಅದರಲ್ಲಿ ಇಟ್ಟಿದ್ದೆ. ಅವುಗಳಲ್ಲಿ ಎರಡು ವರದಿಗಳು ಅಕಸ್ಮಾತ್ ಒಂದರ ಪಕ್ಕ ಒಂದು ಸಿಕ್ಕವು. ಎರಡು ಬೇರೆ ಬೇರೆ ಪಕ್ಷಗಳು ಹದಿನೈದು ದಿನಗಳ ಅಂತರದಲ್ಲಿ ಒಂದೇ ರಸ್ತೆಯಲ್ಲಿ ನಡೆಸಿದ ಮೆರವಣಿಗೆಯ ವರದಿಗಳು. ಬರೆದ ವರದಿಗಾರನೂ ಒಬ್ಬನೇ. ಒಂದು ಪ್ರತಿಯ ಅಂಚಿನ ತುಂಬ ನನ್ನ ಕೆಂಪು ಶಾಯಿ: ‘ಈ ಸಂಖ್ಯೆ ಪೊಲೀಸರದೋ, ಸಂಘಟಕರದೋ?’, ‘ಜನಸಾಗರ ಬೇಡ’, ‘ಸಂಚಾರಕ್ಕೆ ತೊಂದರೆಯಾಯಿತೇ, ವಿಚಾರಿಸು’, ‘ಸ್ವಯಂಪ್ರೇರಿತರಾಗಿ ಬಂದರು ಎಂದು ನಿನಗೆ ಹೇಗೆ ಗೊತ್ತು?’ ಎಣಿಸಿದೆ, ಹದಿನಾಲ್ಕು ಗುರುತುಗಳಿದ್ದವು. ಇನ್ನೊಂದು ಪ್ರತಿಯಲ್ಲೂ ಜನಸಾಗರವಿತ್ತು, ಮೂಲವಿಲ್ಲದ ಸಂಖ್ಯೆಯಿತ್ತು, ಸ್ವಯಂಪ್ರೇರಣೆಯಿತ್ತು. ಅದರಲ್ಲಿ ನಾನು ತಿದ್ದಿದ್ದು ಎರಡೇ ಎರಡು ಜಾಗ. ಒಂದು ಕಾಗುಣಿತದ ತಪ್ಪು, ಇನ್ನೊಂದು ಬಿಟ್ಟುಹೋದ ಪೂರ್ಣವಿರಾಮ.

ಅಟ್ಟದ ಏಣಿಯ ಕೆಳಗೆ ಆ ಎರಡು ಕಾಗದ ಹಿಡಿದು ನಿಂತವಳಿಗೆ ಬೆವರು ಬಂತು. ಹದಿನಾಲ್ಕು ಗುರುತುಗಳಲ್ಲಿ ಒಂದೂ ತಪ್ಪಿರಲಿಲ್ಲ. ಇವತ್ತು ತಿದ್ದಿದರೂ ಹಾಗೆಯೇ ತಿದ್ದುತ್ತೇನೆ. ಅವು ಸರಿಯಾಗಿದ್ದುದರಿಂದಲೇ ನಾನು ನಿಷ್ಪಕ್ಷಪಾತಿ ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆ. ನನ್ನ ಪಕ್ಷಪಾತವೆಲ್ಲ ಇದ್ದದ್ದು ಪೆನ್ನು ನಿಲ್ಲದೆ ಸರಾಗವಾಗಿ ದಾಟಿಹೋದ ಜಾಗದಲ್ಲಿ.

ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಇದನ್ನು ಎರಡು ಪ್ರಶ್ನೆಗಳಲ್ಲಿ ಹಿಡಿದಿದ್ದಾರೆ. ಕನ್ನಡದಲ್ಲಿ ಅವು ಇನ್ನೂ ಚೊಕ್ಕವಾಗಿ ಕೂರುತ್ತವೆ. ಇಷ್ಟವಾದ ಸುದ್ದಿ ಬಂದಾಗ ನಮ್ಮೊಳಗೆ ಏಳುವ ಪ್ರಶ್ನೆ ‘ನಂಬಬಹುದೇ?’ ಇಷ್ಟವಾಗದ್ದು ಬಂದಾಗ ‘ನಂಬಲೇಬೇಕೇ?’ ಮೊದಲನೆಯದಕ್ಕೆ ಒಂದೇ ಒಂದು ಪುರಾವೆ ಸಾಕು. ಎರಡನೆಯದಕ್ಕೆ ಒಂದೇ ಒಂದು ಬಿರುಕು ಸಾಕು.

ಪಕ್ಷವಿಲ್ಲ, ವಿಷಯ ನೋಡುತ್ತೇನೆ ಎಂದಿರಿ. 2003ರಲ್ಲಿ ಜೆಫ್ರಿ ಕೋಹೆನ್ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಬಡವರ ನೆರವಿನ ಯೋಜನೆಗಳನ್ನು ಓದಲು ಕೊಟ್ಟಿದ್ದರು. ಒಂದು ಧಾರಾಳದ್ದು, ಇನ್ನೊಂದು ಬಿಗಿಮುಷ್ಟಿಯದ್ದು. ‘ನಿಮ್ಮ ಪಕ್ಷ ಇದನ್ನು ಬೆಂಬಲಿಸಿದೆ’ ಎಂದು ತಿಳಿಸಿದಾಗ ಉದಾರವಾದಿಗಳು ಬಿಗಿಮುಷ್ಟಿಯದ್ದನ್ನೂ, ಸಂಪ್ರದಾಯವಾದಿಗಳು ಧಾರಾಳದ್ದನ್ನೂ ಮೆಚ್ಚಿಕೊಂಡರು. ಯಾಕೆ ಮೆಚ್ಚಿದಿರಿ ಎಂದರೆ ‘ಯೋಜನೆಯ ವಿವರ ನೋಡಿ’ ಎಂದರು. ಪಕ್ಷದ ಹೆಸರಿಗೆ ಮರುಳಾಗುವವರು ಬೇರೆಯವರು ಎಂದೂ ಸೇರಿಸಿದರು. ‘ವಿಷಯ ನೋಡಿ’ ಎಂಬುದು ಅವರ ಮಟ್ಟಿಗೆ ಸುಳ್ಳಲ್ಲ. ಒಳಗೆ ಇಣುಕಿ ನೋಡಿಕೊಂಡರೆ ಕಾಣುವುದು ವಿವರಗಳೇ, ಪಕ್ಷವಲ್ಲ. ಮಕ್ಕಳ ಮಾತನ್ನು ಅದಕ್ಕಾಗಿಯೇ ಸ್ವಲ್ಪ ಕಿವಿಗೆ ಹಾಕಿಕೊಳ್ಳಿ. ನಿಮ್ಮ ಬೆನ್ನು ನಿಮಗಿಂತ ಅವರಿಗೆ ಚೆನ್ನಾಗಿ ಕಾಣುತ್ತದೆ. ಅವರ ಬೆನ್ನು ಯಾರಿಗೆ ಕಾಣುತ್ತದೆ ಎಂದು ನೀವೂ ಕೇಳಬಹುದು.

ಪ್ರಶ್ನೆ: ಸುದ್ದಿ ಓದುವುದನ್ನೇ ಬಿಟ್ಟಿದ್ದೇನೆ. ನೆಮ್ಮದಿಯಾಗಿದೆ. ತಪ್ಪೇ?
— ಹೆಸರು ಬೇಡ

ಉತ್ತರ: ತಪ್ಪಲ್ಲ. ಆದರೆ ಅಭಿಪ್ರಾಯಗಳನ್ನೂ ಬಿಟ್ಟಿದ್ದೀರಾ?

ಪ್ರಶ್ನೆ: ಎರಡೂ ಕಡೆಯವರ ಮಾತನ್ನು ಸಮಸಮವಾಗಿ ಹಾಕಿದರೆ ಪಕ್ಷಪಾತದ ಪ್ರಶ್ನೆಯೇ ಏಳುವುದಿಲ್ಲವಲ್ಲ?
— ಕಾಲೇಜು ಉಪನ್ಯಾಸಕ

ಉತ್ತರ: ಏಳುತ್ತದೆ. ತೆರಿಗೆ ಎಷ್ಟಿರಬೇಕು, ಮರಣದಂಡನೆ ಇರಬೇಕೇ ಬೇಡವೇ ಎಂಬಂಥ ವಿಷಯಗಳಲ್ಲಿ ಎರಡು ಕಡೆ, ಕೆಲವೊಮ್ಮೆ ನಾಲ್ಕು ಕಡೆ ಇರುತ್ತವೆ, ಹಾಕಲೇಬೇಕು. ಅಳೆದು ನೋಡಬಹುದಾದ ಸಂಗತಿಗೆ ಆ ನ್ಯಾಯ ಒಗ್ಗುವುದಿಲ್ಲ. ಮ್ಯಾಕ್ಸ್‌ವೆಲ್ ಮತ್ತು ಜೂಲ್ಸ್ ಬಾಯ್ಕಾಫ್ ಸಹೋದರರು 1988ರಿಂದ 2002ರವರೆಗೆ ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳಲ್ಲಿ ಬಂದ ಹವಾಮಾನ ಬದಲಾವಣೆಯ 636 ವರದಿಗಳನ್ನು ಪರಿಶೀಲಿಸಿದರು. ಭೂಮಿ ಬಿಸಿಯಾಗುತ್ತಿರುವುದರಲ್ಲಿ ಮನುಷ್ಯರ ಪಾತ್ರವಿದೆ ಎಂದು ವಿಜ್ಞಾನಿಗಳು ಹೆಚ್ಚುಕಡಿಮೆ ಒಂದು ನಿಲುವಿಗೆ ಬಂದಿದ್ದ ಕಾಲ. ಆದರೆ ಅರ್ಧಕ್ಕಿಂತ ಹೆಚ್ಚು ವರದಿಗಳು ‘ಪಾತ್ರವಿದೆ’ ಎನ್ನುವವರಿಗೂ ‘ಎಲ್ಲ ನಿಸರ್ಗದ ಏರಿಳಿತ’ ಎನ್ನುವವರಿಗೂ ಸರಿಸಮ ತೂಕ ಕೊಟ್ಟಿದ್ದವು. ತಕ್ಕಡಿ ಸರಿಯಾಗಿತ್ತು, ತೂಗಲು ಇಟ್ಟ ಬಟ್ಟು ಸರಿಯಿರಲಿಲ್ಲ. ಇದಕ್ಕೆ ಸೋಮಾರಿತನವೂ ಒಂದು ಕಾರಣ ಎಂದು ಒಪ್ಪಿಕೊಳ್ಳುತ್ತೇನೆ. ಡೆಡ್‌ಲೈನ್‌ಗೆ ಇಪ್ಪತ್ತು ನಿಮಿಷ ಉಳಿದಿರುವಾಗ ಯಾರು ಸರಿ ಎಂದು ಹುಡುಕುವುದಕ್ಕಿಂತ ಇಬ್ಬರನ್ನೂ ಹಾಕಿ ಕೈತೊಳೆದುಕೊಳ್ಳುವುದು ಸುಲಭ.

ಪ್ರಶ್ನೆ: ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಜನರಿಗೆ ಅಂಕಿಅಂಶ ಓದಲು ಕಲಿಸಿದರೆ ಈ ರಾಜಕೀಯ ಕುರುಡು ತಾನಾಗಿಯೇ ಹೋಗುತ್ತದೆ ಎಂಬುದು ನನ್ನ ನಂಬಿಕೆ. ಓದಿದವರು ಹೀಗೆ ಆಡಬಾರದು.
— ನಿವೃತ್ತ ಗಣಿತ ಶಿಕ್ಷಕ

ಉತ್ತರ: ಗುರುಗಳೇ, ನಿಮಗೊಂದು ಲೆಕ್ಕ. ಚರ್ಮದ ಗುಳ್ಳೆಗೆ ಹೊಸ ಕ್ರೀಮ್ ಬಂದಿದೆ. ಹಚ್ಚಿದವರಲ್ಲಿ 223 ಮಂದಿಗೆ ಕಡಿಮೆಯಾಯಿತು, 75 ಮಂದಿಗೆ ಹೆಚ್ಚಾಯಿತು. ಹಚ್ಚದವರಲ್ಲಿ 107 ಮಂದಿಗೆ ಕಡಿಮೆಯಾಯಿತು, 21 ಮಂದಿಗೆ ಹೆಚ್ಚಾಯಿತು. ಕ್ರೀಮ್ ಕೆಲಸ ಮಾಡಿತೇ? ಅವಸರದ ಕಣ್ಣಿಗೆ 223 ದೊಡ್ಡದಾಗಿ ಕಂಡು ‘ಮಾಡಿತು’ ಎನ್ನಿಸುತ್ತದೆ. ನೀವಂತೂ ಭಾಗಾಕಾರ ಮಾಡಿಯೇ ಮಾಡುತ್ತೀರಿ: ಹಚ್ಚಿದವರಲ್ಲಿ ಮೂವರು ಸುಧಾರಿಸಿದರೆ ಒಬ್ಬರಿಗೆ ಕೆಟ್ಟಿತು, ಹಚ್ಚದವರಲ್ಲಿ ಐವರು ಸುಧಾರಿಸಿದರೆ ಒಬ್ಬರಿಗೆ ಕೆಟ್ಟಿತು. ಕ್ರೀಮ್ ಹಚ್ಚದಿದ್ದುದೇ ಮೇಲು.

ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಸಂಗಡಿಗರು 2013ರಲ್ಲಿ ಬೆಳಕಿಗೆ ತಂದ ಪ್ರಯೋಗದ ಲೆಕ್ಕ ಇದು. ಗಣಿತ ಬಲ್ಲವರು ನಿರೀಕ್ಷೆಯಂತೆ ಇದನ್ನು ಚೆನ್ನಾಗಿ ಬಿಡಿಸಿದರು. ಆಮೇಲೆ ಅವೇ ಅಂಕಿಗಳಿಗೆ ಬೇರೆ ಅಂಗಿ ತೊಡಿಸಿದರು: ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಬಚ್ಚಿಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿದ ನಗರಗಳು, ನಿಷೇಧಿಸದ ನಗರಗಳು, ಅಪರಾಧ ಇಳಿಯಿತೇ, ಏರಿತೇ? ಈಗ ಗಣಿತ ಬಲ್ಲವರೂ ಎಡವಿದರು. ಎಲ್ಲ ಸಲವೂ ಅಲ್ಲ. ಉತ್ತರ ತಮ್ಮ ರಾಜಕೀಯಕ್ಕೆ ಒಗ್ಗದಿದ್ದಾಗ. ಇನ್ನೂ ಬೇಸರದ ಸಂಗತಿಯೆಂದರೆ, ಉದಾರವಾದಿಗಳು, ಸಂಪ್ರದಾಯವಾದಿಗಳು ಎಂಬ ಎರಡು ಪಂಗಡಗಳ ಉತ್ತರಗಳ ನಡುವಿನ ಬಿರುಕು ಗಣಿತ ಬಾರದವರಿಗಿಂತ ಬಲ್ಲವರಲ್ಲೇ ಅಗಲವಾಗಿತ್ತು. ಅವಸರದ ಕಣ್ಣಿಗೆ ಕಂಡ ಉತ್ತರ ಹಿತವಾಗಿದ್ದರೆ ಅವರು ಅಲ್ಲೇ ನಿಂತರು. ಅಹಿತವಾಗಿದ್ದರೆ ಮಾತ್ರ ಭಾಗಾಕಾರಕ್ಕೆ ಕೈಹಾಕಿದರು. ನನ್ನ ಕೆಂಪು ಪೆನ್ನಿನ ಕಥೆಯೇ.

ಗಣಿತ ಕಲಿಸುವುದನ್ನು ಬಿಡಬೇಡಿ, ಖಂಡಿತ. ಆದರೆ ಒಳ್ಳೆಯ ಬುದ್ಧಿ ಒಳ್ಳೆಯ ವಕೀಲನಿದ್ದಂತೆ. ಕಕ್ಷಿದಾರ ಯಾರು ಎಂದು ಅದು ಕೇಳುವುದಿಲ್ಲ.

ಪ್ರಶ್ನೆ: ಅಪ್ಪ ಬೆಳಗಿನಿಂದ ರಾತ್ರಿಯವರೆಗೆ ಮನೆಯವರ ವಾಟ್ಸಾಪ್ ಗುಂಪಿಗೆ ರಾಜಕೀಯ ಸಂದೇಶಗಳನ್ನು ತಳ್ಳುತ್ತಿರುತ್ತಾರೆ. ಸುಳ್ಳೆಂದು ಸಾಕ್ಷಿ ಸಮೇತ ತೋರಿಸಿದರೆ ‘ನೀನು ಅವರ ಕಡೆಯವನು’ ಎಂದು ಎರಡು ದಿನ ಮಾತು ಬಿಡುತ್ತಾರೆ. ಏನು ಮಾಡಲಿ?
— ಸಾಫ್ಟ್‌ವೇರ್ ಎಂಜಿನಿಯರ್

ಉತ್ತರ: ಮೊದಲು ಒಂದು ಮಾತು. ನಿಮಗೆ ಹಿತವಾದ ಸಂದೇಶವನ್ನು ಗೆಳೆಯರು ಕಳುಹಿಸಿದಾಗ ಅದಕ್ಕೂ ಸಾಕ್ಷಿ ಹುಡುಕಿದ್ದೀರಾ? ಹುಡುಕಿಲ್ಲವಾದರೆ ಅಪ್ಪನ ದೂರಿನಲ್ಲಿ ಸ್ವಲ್ಪ ಹುರುಳಿದೆ.

ಇನ್ನು, ಗುಂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ತಿದ್ದುವ ಭರದಲ್ಲಿ ಆ ಸುಳ್ಳನ್ನೇ ಮತ್ತೆ ಮತ್ತೆ ಬರೆಯಲೂ ಬೇಡಿ. ನಿಜವೋ ಸುಳ್ಳೋ ಗೊತ್ತಿಲ್ಲದ ಹೇಳಿಕೆಗಳನ್ನು ಎರಡು ವಾರಕ್ಕೊಮ್ಮೆ ವಿದ್ಯಾರ್ಥಿಗಳ ಮುಂದಿಟ್ಟ ಪ್ರಯೋಗವೊಂದು 1977ರಲ್ಲಿ ಪ್ರಕಟವಾಯಿತು. ಮತ್ತೆ ಮತ್ತೆ ಕೇಳಿದ ಹೇಳಿಕೆಗಳು, ಕೇಳಿದ್ದೇವೆ ಎಂಬ ಒಂದೇ ಕಾರಣಕ್ಕೆ, ಹೆಚ್ಚು ನಿಜವೆನ್ನಿಸತೊಡಗಿದ್ದವು.

ವಾದದ ಬದಲು ಕೇಳಿ ನೋಡಿ: ‘ಅಪ್ಪ, ಈ ಯೋಜನೆ ಜಾರಿಗೆ ಬಂದರೆ ಮೊದಲು ಏನಾಗುತ್ತದೆ? ಆಮೇಲೆ? ಹಣ ಎಲ್ಲಿಂದ ಬರುತ್ತದೆ, ಯಾವ ಕಚೇರಿ ಅದನ್ನು ಹಂಚುತ್ತದೆ?’ ಯಾಕೆ ಸರಿ ಎಂದು ಕೇಳಬೇಡಿ, ಹೇಗೆ ನಡೆಯುತ್ತದೆ ಎಂದು ಕೇಳಿ. ‘ಯಾಕೆ’ ಎಂದರೆ ಯಾರ ಬಳಿಯೂ ಭಾಷಣ ಸಿದ್ಧವಿರುತ್ತದೆ. ಲಿಯೊನಿಡ್ ರೊಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ 2002ರಲ್ಲಿ ತೋರಿಸಿದ ಸಂಗತಿ ಇದು: ಜಿಪ್‌ನಂಥ ದಿನಬಳಕೆಯ ವಸ್ತು ಹೇಗೆ ಕೆಲಸ ಮಾಡುತ್ತದೆಂದು ನಮಗೆ ಗೊತ್ತಿದೆ ಎಂದೇ ಭಾವಿಸಿರುತ್ತೇವೆ, ಹಲ್ಲು ಹಲ್ಲಿಗೆ ಹೇಗೆ ಕೂರುತ್ತದೆ ಎಂದು ಬಿಡಿಸಿ ಹೇಳಲು ಹೊರಟಾಗ ಬಾಯಿ ಕಟ್ಟುತ್ತದೆ. ಇದನ್ನೇ ಸರ್ಕಾರದ ನೀತಿಗಳಿಗೆ ಅನ್ವಯಿಸಿ ಕೇಳಿದಾಗ ಜನರ ನಿಲುವು ತುಸು ಮೆತ್ತಗಾಯಿತು ಎಂದು 2013ರ ಒಂದು ಅಧ್ಯಯನ ಹೇಳಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅಷ್ಟು ಮೆತ್ತಗಾಗಲಿಲ್ಲ ಎಂಬುದನ್ನೂ ಹೇಳಬೇಕು. ಅಪ್ಪ ಪಕ್ಷ ಬದಲಿಸುತ್ತಾರೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಎರಡು ದಿನ ಮಾತು ಬಿಡುವುದು ನಿಂತರೆ ಅಷ್ಟರಮಟ್ಟಿಗೆ ಗೆದ್ದಿರಿ.

ಇನ್ನೊಂದು ಉಪಾಯವನ್ನು ಇಬ್ಬರೂ ಸೇರಿ ಕಲಿಯಬಹುದು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರು 10 ಮಂದಿ ಇತಿಹಾಸ ವಿದ್ವಾಂಸರು, 10 ಮಂದಿ ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳನ್ನು ಅಂತರ್ಜಾಲದ ಪುಟಗಳ ಮುಂದೆ ಕೂರಿಸಿದರು. ವಿದ್ವಾಂಸರಲ್ಲಿ ಹಲವರು ಕೊಟ್ಟ ಪುಟವನ್ನೇ ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ, ಅಂದವಾದ ಲಾಂಛನಕ್ಕೂ ಗಂಭೀರ ಹೆಸರಿಗೂ ಮೋಸಹೋದರು. ಸತ್ಯಶೋಧಕರು ಪುಟವನ್ನು ಓದುವ ಗೋಜಿಗೆ ಹೋಗದೆ, ಬೇರೆ ಕಿಟಕಿ ತೆರೆದು ‘ಈ ಪುಟದವರು ಯಾರು, ಇವರ ಬಗ್ಗೆ ಬೇರೆಯವರು ಏನೆನ್ನುತ್ತಾರೆ’ ಎಂದು ಹುಡುಕಿದರು. ದೊಡ್ಡ ವಿದ್ವಾಂಸರೇ ಜಾರಿಬಿದ್ದರು ಎಂದು ಅಪ್ಪನಿಗೆ ಹೇಳಿ. ಅವರಿಗೆ ಅವಮಾನವಾಗುವುದಿಲ್ಲ.

ಪ್ರಶ್ನೆ: ದಿನಾ ಮಾಡಬಹುದಾದ ಒಂದೇ ಒಂದು ಅಭ್ಯಾಸ ಹೇಳಿ. ಹತ್ತು ಹೇಳಿದರೆ ಒಂದನ್ನೂ ಮಾಡುವುದಿಲ್ಲ.
— ಔಷಧ ಅಂಗಡಿಯ ನೌಕರ

ಉತ್ತರ: ಚಾರ್ಲ್ಸ್ ಡಾರ್ವಿನ್ ತಮ್ಮ ಆತ್ಮಕಥೆಯಲ್ಲಿ ಒಂದು ರೂಢಿಯನ್ನು ದಾಖಲಿಸಿದ್ದಾರೆ. ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದ ಕೂಡಲೇ, ತಪ್ಪದೆ, ಬರೆದಿಟ್ಟುಕೊಳ್ಳುವುದು. ಪರವಾದವುಗಳಿಗಿಂತ ಅಂಥವೇ ಬೇಗ ಮರೆತುಹೋಗುತ್ತವೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು.

ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಾನು ಮತ ಹಾಕಿದ ಪಕ್ಷ ತಪ್ಪು ಮಾಡಿದ, ಹಾಕದ ಪಕ್ಷ ಸರಿಯಾದದ್ದೊಂದನ್ನು ಮಾಡಿದ ಸಂಗತಿಗಳಿಗೆ ಮಾತ್ರ ಅದರಲ್ಲಿ ಜಾಗ. ತಾರೀಖು, ಎರಡು ಸಾಲು, ಅಷ್ಟೇ. ಮೊದಲ ತಿಂಗಳು ಮೂರು ಸಂಗತಿ ಸಿಕ್ಕವು. ಬರೆಯುವಾಗ ಕೈ ಹೇಗೆ ತಡೆಯುತ್ತಿತ್ತೆಂದರೆ, ಮೂರಕ್ಕೂ ಕೊನೆಯಲ್ಲಿ ‘ಆದರೆ’ ಎಂದು ಒಂದು ಬಾಲ ಸೇರಿಸಿದ್ದೆ. ‘ಆದರೆ ಅವರೂ ಹಿಂದೆ ಹೀಗೆಯೇ ಮಾಡಿದ್ದರು.’ ‘ಆದರೆ ಉದ್ದೇಶ ಒಳ್ಳೆಯದಿತ್ತು.’ ಆಮೇಲೆ ಆ ಪುಸ್ತಕದಲ್ಲಿ ‘ಆದರೆ’ ಬರೆಯಬಾರದು ಎಂದು ಮುಖಪುಟದ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಅಷ್ಟಕ್ಕೂ ಪುರುಸೊತ್ತಿಲ್ಲವಾದರೆ ನಿಮ್ಮ ಹೆಬ್ಬೆರಳನ್ನು ಗಮನಿಸಿ. ಸುದ್ದಿ ಓದಿ ಖುಷಿಯಾದಾಗ ಅದು ಹಂಚಿಕೊಳ್ಳುವ ಗುಂಡಿಯ ಕಡೆಗೆ ಹೋಗುತ್ತದೆ. ಸಿಟ್ಟು ಬಂದಾಗ ‘ಇದು ನಿಜವೇ’ ಎಂದು ಹುಡುಕುವ ಪೆಟ್ಟಿಗೆಯ ಕಡೆಗೆ. ಒಂದು ದಿನ ಅದಲು ಬದಲು ಮಾಡಿ. ಖುಷಿಯಾದದ್ದನ್ನು ಹುಡುಕಿ ಪರೀಕ್ಷಿಸಿ. ಸಿಟ್ಟು ಬಂದದ್ದನ್ನು ಹಂಚಬೇಡಿ, ಪೂರ್ತಿ ಓದಿ ಸಾಕು.

ಪ್ರಶ್ನೆ: ಕಳೆದ ತಿಂಗಳ ಅಂಕಣದಲ್ಲಿ ಶೀರ್ಷಿಕೆಗಳ ಪಕ್ಷಪಾತಕ್ಕೆ ನೀವು ಕೊಟ್ಟ ಐದು ಉದಾಹರಣೆಗಳೂ ಒಂದೇ ಪಕ್ಷಕ್ಕೆ ಅನುಕೂಲವಾಗಿ ವಾಲಿದ ಶೀರ್ಷಿಕೆಗಳು. ಆ ಕಡೆಗೆ ಮಾತ್ರ ವಾಲುತ್ತವೆಯೇ? ಇದು ಪಕ್ಷಪಾತವಲ್ಲದೆ ಮತ್ತೇನು? ಉತ್ತರಿಸುವ ಧೈರ್ಯ ಇದ್ದರೆ ಪ್ರಕಟಿಸಿ.
— ಹತ್ತು ವರ್ಷಗಳ ಚಂದಾದಾರ

ಉತ್ತರ: ನಿಮ್ಮ ಪತ್ರ ಕೈಗೆ ಬಂದಾಗ ನಾನು ಮೊದಲು ಮಾಡಿದ ಕೆಲಸ ಕಳೆದ ಸಂಚಿಕೆ ತೆರೆಯುವುದಲ್ಲ. ಪತ್ರವನ್ನು ತಿರುವಿ, ನೀವು ಯಾವ ಪಕ್ಷದವರಿರಬಹುದು ಎಂದು ಸಹಿಯ ಕೆಳಗೆ ಸುಳಿವು ಹುಡುಕಿದೆ. ಸಿಗಲಿಲ್ಲ. ಆಮೇಲೆ ಭಾಷೆಯಿಂದ ಊಹಿಸಲು ನೋಡಿದೆ. ಪತ್ರ ಎರಡು ದಿನ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಮೂರನೆಯ ದಿನ ಸಂಚಿಕೆ ತೆಗೆದು ಎಣಿಸಿದೆ.

ಐದಲ್ಲ, ನಾಲ್ಕು. ಆ ನಾಲ್ಕರ ಮಟ್ಟಿಗೆ ನಿಮ್ಮ ಮಾತು ಸರಿ. ಇನ್ನೊಂದು ಪಕ್ಷದ ಕಡೆಗೆ ವಾಲಿದ ಶೀರ್ಷಿಕೆಗಳನ್ನು ಅದೇ ವಾರದ ಪತ್ರಿಕೆಗಳಲ್ಲಿ ಈಗ ಹುಡುಕಿದರೆ ಒಂದು ಗಂಟೆಯೊಳಗೆ ಆರು ಸಿಕ್ಕವು. ಆಗ ನಾನು ಹುಡುಕಿರಲಿಲ್ಲ. ನಾಲ್ಕು ಸಿಕ್ಕೊಡನೆ ಸಾಕೆನ್ನಿಸಿತ್ತು. ಆ ಆರನ್ನೂ ಮುಂದಿನ ಸಂಚಿಕೆಯಲ್ಲಿ, ಕಳೆದ ಸಲದಷ್ಟೇ ಜಾಗದಲ್ಲಿ ಕೊಡುತ್ತೇನೆ.

ಐದನೆಯ ಉದಾಹರಣೆಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಆ ಶೀರ್ಷಿಕೆ ಯಾರ ಕಡೆಗೂ ವಾಲಿದ್ದಲ್ಲ, ಅಂಕಿಯನ್ನೇ ತಪ್ಪಾಗಿ ಓದಿದ್ದು. ಅಲ್ಲವೆಂದು ನಿಮಗನ್ನಿಸಿದರೆ ಯಾವ ಪದ ವಾಲಿದೆ ಎಂದು ಗುರುತು ಹಾಕಿ ಕಳುಹಿಸಿ. ಕೆಂಪು ಶಾಯಿಯಾದರೂ ಪರವಾಗಿಲ್ಲ.